ಲಾಂಬೇರ್ ಮಹಲು: ಉಳಿದದ್ದು, ಉರಿದದ್ದು

ಪ್ಯಾರಿಸ್ಸಿನಲ್ಲಿ ಸೇನ್ ನದಿಯ ನಡುವೆ ಸೇಂಟ್ ಲೂಯಿ ಎಂಬ ಪುಟ್ಟ ದ್ವೀಪವಿದೆ. ಅದರ ಪೂರ್ವದ ತುದಿಯಲ್ಲಿ ನಿಂತಿರುವ ಲಾಂಬೇರ್ ಮಹಲನ್ನು 1640ರ ದಶಕದಲ್ಲಿ ಕಟ್ಟಿದವನು ಲೂಯಿ ಲ ವೋ. ವರ್ಸೈ ಅರಮನೆಯ ಕೆಲಸ ಅವನಿಗೆ ದಕ್ಕಿದ್ದು ಆಮೇಲೆ. ಬೀದಿಗೆ ಹೆಬ್ಬಾಗಿಲು, ಒಳಗೆ ಅಂಗಳ, ಮನೆ, ಪಕ್ಕದಲ್ಲಿ ತೋಟ. ಸಿರಿವಂತರ ಇಂತಹ ಮನೆಗಳನ್ನು ಫ್ರೆಂಚರು 'ಓತೆಲ್' ಎನ್ನುತ್ತಾರೆ. ನಮ್ಮ ಊಟ ತಿಂಡಿಯ ಹೋಟೆಲಲ್ಲ!

19ನೇ ಶತಮಾನದಲ್ಲಿ ಅಗಲ ರಸ್ತೆಗಳಿಗಾಗಿ ಇಂತಹ ಎಷ್ಟೋ ಮನೆಗಳು ನೆಲಸಮವಾದವು. ನದಿಯಾಚೆಯ ಮರೇ ಬಡಾವಣೆಯಲ್ಲಿ ಉಳಿದವುಗಳ ಅಂಗಳದಲ್ಲಿ ಕಾರ್ಖಾನೆ, ಗೋದಾಮುಗಳ ಶೆಡ್ಡುಗಳೆದ್ದವು. 1962ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ತಂದ ಕಾನೂನು ಒಂದೊಂದೇ ಕಟ್ಟಡವನ್ನಲ್ಲ, ಇಡೀ ಬಡಾವಣೆಯನ್ನೇ ರಕ್ಷಿಸುವ ದಾರಿ ತೆರೆಯಿತು. ಮರೇಯ ಗೋಡೆಗಳು ಉಳಿದವು. ಆದರೆ ಬೆಲೆ, ಬಾಡಿಗೆಗಳೇರಿ ಕುಶಲಕರ್ಮಿಗಳೂ ಬಡ ಬಾಡಿಗೆದಾರರೂ ಜಾಗ ಖಾಲಿ ಮಾಡಬೇಕಾಯಿತು.

ಲಾಂಬೇರ್ ಮಹಲಿನ ಒಡೆತನ ಹಲವು ಕೈ ದಾಟಿದೆ. 1843ರಲ್ಲಿ ದೇಶಭ್ರಷ್ಟ ಪೋಲಿಷ್ ರಾಜಕುಮಾರ ಚಾರ್ತೊರಿಸ್ಕಿಯ ಕುಟುಂಬ ಇದನ್ನು ಕೊಂಡಿತು. ಪೋಲಿಷ್ ದೇಶಭ್ರಷ್ಟರಿಗೆ ಇದೇ ಕೇಂದ್ರವಾಯಿತು. 1975ರಲ್ಲಿ ರಾತ್‌ಶೀಲ್ಡ್ ಮನೆತನಕ್ಕೂ 2007ರಲ್ಲಿ ಕತಾರ್ ರಾಜಮನೆತನಕ್ಕೂ ಸೇರಿತು. ಹೊಸ ಮಾಲೀಕರು ನೆಲದಡಿ ಕಾರು ನಿಲ್ದಾಣ, ಕಾರಿಗೊಂದು ಲಿಫ್ಟ್ ಬಯಸಿದರು. ಸರ್ಕಾರ ಒಪ್ಪಿತು, ಪರಂಪರೆ ರಕ್ಷಣಾ ಸಂಘವೊಂದು ಕೋರ್ಟಿಗೆ ಹೋಯಿತು, 2009ರ ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ತಡೆ ಬಿತ್ತು. 2010ರ ಜನವರಿಯಲ್ಲಿ ರಾಜಿಯಾಗಿ ಯೋಜನೆ ಬದಲಾಯಿತು. ಈ ವಿವಾದವನ್ನು ಅರಬರ ಹಣಕ್ಕೂ ಫ್ರೆಂಚರ ಅಭಿರುಚಿಗೂ ನಡೆದ ಕುಸ್ತಿಯೆಂದು ನೋಡುವುದು ಸುಲಭ. ಆದರೆ ಮಾಲೀಕ ಪ್ಯಾರಿಸ್ಸಿನವನೇ ಆಗಿದ್ದರೂ ಆ ಲಿಫ್ಟ್ ತಪ್ಪೇ ಆಗುತ್ತಿತ್ತು. ಹಾಗೆಯೇ, ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದು ಫ್ರೆಂಚ್ ಸಚಿವಾಲಯವೇ ಎಂಬುದನ್ನೂ ಮರೆಯಬಾರದು.

ಅಂತೂ ದುರಸ್ತಿ ಶುರುವಾಯಿತು. 2013ರ ಜುಲೈ 10ರ ನಸುಕಿನಲ್ಲಿ ಚಾವಣಿಗೆ ಬೆಂಕಿ ಬಿತ್ತು. ಕೆಲಸ ನಡೆಯುತ್ತಿದ್ದುದರಿಂದ ಮನೆಯಲ್ಲಿ ವಾಸವಿದ್ದವರಿರಲಿಲ್ಲ. ನೂರಕ್ಕೂ ಹೆಚ್ಚು ಅಗ್ನಿಶಾಮಕರು ಗಂಟೆಗಟ್ಟಲೆ ಹೋರಾಡಿದರು. ಲ ಬ್ರುನ್ ಚಿತ್ರಿಸಿದ ಹರ್ಕ್ಯುಲಿಸ್ ಪಡಸಾಲೆ ಹೊಗೆ, ನೀರಿನ ಹಾನಿಯೊಂದಿಗೆ ಉಳಿಯಿತು. ಲ ಸ್ಯೂರ್ ಅಲಂಕರಿಸಿದ ಸ್ನಾನದ ಕೋಣೆ ನಾಶವಾಯಿತು. ಕಾನೂನು, ಕೋರ್ಟು, ಪತ್ರಿಕೆಗಳೆಲ್ಲ ಕಾವಲಿದ್ದ ಮನೆಯಿದು!

ಮಹಲನ್ನು ಮತ್ತೆ ಸರಿಪಡಿಸಲಾಯಿತು. 2022ರಲ್ಲಿ ಅದು ಫ್ರೆಂಚ್ ಉದ್ಯಮಿ ಸೇವಿಯರ್ ನಿಯೆಲ್ ಪಾಲಾಯಿತು. ಅದೇ ವರ್ಷ ಒಳಗಿನ ಪೀಠೋಪಕರಣಗಳು ಹರಾಜಾದವು. ಲ ಸ್ಯೂರ್ ಇದೇ ಮನೆಯ ಬೇರೆ ಕೋಣೆಗಳಿಗೆಂದು ಬರೆದ ಚಿತ್ರಗಳನ್ನು 1776ರಲ್ಲೇ ಕಿತ್ತು ರಾಜನ ಸಂಗ್ರಹಕ್ಕೆ ಒಯ್ಯಲಾಗಿತ್ತು. ಅವು ಇಂದು ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿವೆ.