ಹಟ್ಟಿಯ ಎಲ್ಲೆ ದಾಟಿದವರು: ಕೇತಿ ಕಣಿವೆಯ ಬಡಗ ಕ್ರೈಸ್ತರ ಆರಂಭಕಾಲ

ಕೂನೂರಿನಿಂದ ಉದಕಮಂಡಲದತ್ತ ಏರುವ ರೈಲುಹಾದಿಯಲ್ಲಿ ವೆಲ್ಲಿಂಗ್ಟನ್ ದಾಟಿದ ಮೇಲೆ ಸಿಗುವ ಅರವಂಕಾಡು ಇಂದು ಹೆಸರಾಗಿರುವುದು ಕಾರ್ಡೈಟ್ ಕಾರ್ಖಾನೆಯಿಂದ, ಅಂದರೆ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ನೆಲೆಗೊಂಡ, ಹೊಗೆಯಿಲ್ಲದ ಸಿಡಿಮದ್ದು ತಯಾರಿಸುವ ಕಾರ್ಖಾನೆಯಿಂದ. ಆದರೆ ಅದಕ್ಕೂ ಅರ್ಧ ಶತಮಾನ ಹಿಂದೆಯೇ, ಮುಂದಿನ ನಿಲ್ದಾಣವಾದ ಕೇತಿಯ ಕಣಿವೆಯಲ್ಲಿ, ದೇವರ ಮೇಲೆ ಭಾರ ಹಾಕಿ ಹುಟ್ಟಿದ ನೆಲೆಯನ್ನು ಬಿಟ್ಟು ಹೊರಡುವುದೆಂದರೇನು ಎಂಬುದನ್ನು ಬದುಕಿಯೇ ತೋರಿಸಿದ ಕೆಲವು ಬಡಗ ಕುಟುಂಬಗಳ ಚರಿತ್ರೆ ಆರಂಭವಾಗಿತ್ತು.

ಬಡಗರು ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂಬ ಪರಂಪರೆಯ ನೆನಪುಳ್ಳ ಒಕ್ಕಲುಸಮುದಾಯ. 1603ರಲ್ಲೇ ಯೇಸುಸಭೆಯ ಪಾದ್ರಿ ಫೆನಿಸಿಯೊ ಕೇರಳದ ಕಡೆಯಿಂದ ಅವರ ನೆಲೆಯಾದ ನೀಲಗಿರಿಗೆ ಬಂದಿದ್ದನಾದರೂ ಆ ಭೇಟಿಯಿಂದ ಯಾವ ಸಭೆಯೂ ಬೆಳೆಯಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಶನ್ ಇಲ್ಲಿ ಕಾಲೂರಿದ್ದು 1846ರಲ್ಲಿ. ಮದರಾಸು ಸರ್ಕಾರದ ಸೇವೆಯಿಂದ ನಿವೃತ್ತನಾಗಿ ಕೇತಿಯಲ್ಲಿ ನೆಲೆಸಿ, ಬಡಗರೊಡನೆ ಮಾತಾಡಲೆಂದೇ ಕನ್ನಡ ಕಲಿತಿದ್ದ ಜಾರ್ಜ್ ಕಾಸಮೇಜರ್ ಮಿಶನರಿಗಳನ್ನು ಬರಮಾಡಿಕೊಂಡನು. 1849ರಲ್ಲಿ ತೀರಿಕೊಳ್ಳುವಾಗ ತನ್ನ ಆಸ್ತಿಯ ಬಹುಭಾಗವನ್ನು ಮಿಶನ್ನಿಗೇ ಬಿಟ್ಟುಹೋದನು. ಗಾಟ್‌ಫ್ರೀಡ್ ವೈಗ್ಲೆ, ಊರಿಂದೂರಿಗೆ ನಡೆದು ಬೆಟ್ಟದ ಬುಡಕಟ್ಟುಗಳ ಕುರಿತು ಗ್ರಂಥವನ್ನೇ ಬರೆದ ಮೆಟ್ಸ್ ಮೊದಲಾದವರು ಇಲ್ಲಿ ದುಡಿದರು. ಆದರೂ ಬಡಗರಲ್ಲಿ ಮೊದಲನೆಯ ದೀಕ್ಷಾಸ್ನಾನವಾದದ್ದು 1858ರಲ್ಲಿ.

ಈ ಹನ್ನೆರಡು ವರ್ಷಗಳ ವಿಳಂಬಕ್ಕೆ ಬಡಗರ ಮೊಂಡುತನವನ್ನು ದೂರುವುದು ಅನ್ಯಾಯವಾದೀತು. ಹಟ್ಟಿ, ಅಂದರೆ ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳ ಬಡಗ ಊರು, ಅದರ ನಿವಾಸಿಗೆ ವಸತಿಗಿಂತ ಬಹಳ ಹೆಚ್ಚಿನದಾಗಿತ್ತು: ಸಾಮೆ, ರಾಗಿ ಬೆಳೆಯುವ ಹೊಲ, ದನ ಮೇಯುವ ಹುಲ್ಲುಗಾವಲು, ಗೌಡನ ನ್ಯಾಯ, ಹೆತ್ತೆಯಮ್ಮನ ಹಬ್ಬ, ಮಕ್ಕಳಿಗೆ ಸಂಬಂಧ ಕೂಡಿಸುವ ಮಾತುಕತೆ, ಎಲ್ಲವೂ ಆ ಸಾಲಿನೊಳಗೇ ಹೆಣೆದುಕೊಂಡಿದ್ದವು. ಕಬ್ಬಿಣದ ಸಾಮಾನು, ಮಡಕೆ ಮತ್ತು ವಾದ್ಯಕ್ಕೆ ಕೋತರೊಡನೆಯೂ, ಹಾಲು ತುಪ್ಪಕ್ಕೆ ತೊದವರೊಡನೆಯೂ, ಮಾಟಮಂತ್ರದಿಂದ ಕಾಪಾಡಿಕೊಳ್ಳಲು ಕುರುಂಬರೊಡನೆಯೂ ಇದ್ದ ಕೊಡುಕೊಳ್ಳುವಿಕೆಯೂ ಈ ಹೆಣಿಗೆಯ ಎಳೆಗಳೇ.

ಇವೆಲ್ಲಕ್ಕಿಂತ ಆಳವಾಗಿದ್ದದ್ದು ಸಾವಿನ ಕಟ್ಟಳೆ. ಹಳೆಯ ಶವಸಂಸ್ಕಾರದಲ್ಲಿ ಹಿರಿಯನೊಬ್ಬ ಸತ್ತವನೂ ಅವನ ಪೂರ್ವಿಕರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಿದ್ದನು, ನೆರೆದವರು ಪ್ರತಿ ಸಾಲಿಗೂ ದನಿಗೂಡಿಸುತ್ತಿದ್ದರು, ಕೊನೆಗೆ ಆ ಪಾಪಗಳ ಹೊರೆಯನ್ನು ಒಂದು ಕರುವಿನ ಮೇಲೆ ಹೊರಿಸಿ ಅದನ್ನು ಬಿಟ್ಟುಬಿಡುತ್ತಿದ್ದರು. ಹಟ್ಟಿಯನ್ನು ಬಿಟ್ಟವನಿಗೆ ಈ ಸಮೂಹದ ಕ್ಷಮಾಯಾಚನೆ ದಕ್ಕುತ್ತಿರಲಿಲ್ಲ. ತನ್ನ ಪಾಪವನ್ನು ಕ್ರಿಸ್ತನು ಹೊತ್ತನೆಂಬ ಮಾತನ್ನು ಆತ ನಂಬಬೇಕಾಗಿದ್ದದ್ದು ಕಣ್ಣೆದುರಿನ ಕರುವನ್ನೂ ಬಂಧುಗಳ ದನಿಯನ್ನೂ ಬಿಟ್ಟುಕೊಟ್ಟು. ಆದ್ದರಿಂದಲೇ ಈ ವಿಶ್ವಾಸದ ಬೆಲೆಯನ್ನು ಉಪದೇಶದ ಪುಸ್ತಕಗಳಿಗಿಂತ ಹಟ್ಟಿಯ ಬದುಕಿನಿಂದಲೇ ಅಳೆಯಬೇಕಾಗುತ್ತದೆ.

ಮೊದಲ ಬಡಗ ಕ್ರೈಸ್ತನು ಅಬ್ರಹಾಮನೆಂದು ಹೆಸರಾದನು. ಬೈಬಲಿನ ಆದಿಕಾಂಡದಲ್ಲಿ ದೇವರ ಕರೆಗೆ ಓಗೊಟ್ಟು ಸ್ವದೇಶವನ್ನೂ ಬಂಧುಬಳಗವನ್ನೂ ತಂದೆಯ ಮನೆಯನ್ನೂ ಬಿಟ್ಟು, ತಾನು ಹೋಗುವ ಸ್ಥಳ ಯಾವುದೆಂದು ತಿಳಿಯದೆಯೇ ಹೊರಟ ಮೂಲಪುರುಷನ ಹೆಸರದು. ಹಳೆಯ ಒಡಂಬಡಿಕೆಯ ಅಬ್ರಹಾಮನು ದೂರದೇಶಕ್ಕೆ ಹೋದರೆ, ಕೇತಿಯ ಅಬ್ರಹಾಮನೂ ಅವನ ಹಿಂದೆ ಬಂದವರೂ ಬಿಟ್ಟ ಹಟ್ಟಿಯ ಕಣ್ಣಳತೆಯಲ್ಲೇ, ಬೈದವರ ಎದುರಿನಲ್ಲೇ ದಿನ ಕಳೆಯಬೇಕಾಗಿತ್ತು. ಇದು ಹೆಚ್ಚು ಕಠಿಣವಾದ ಯಾತ್ರೆಯೆಂದೇ ಹೇಳಬೇಕು. ಯೂರೋಪಿನಿಂದ ಬಂದ ಮಿಶನರಿಗಳ ತ್ಯಾಗವೂ ಸಣ್ಣದಲ್ಲವಾದರೂ ಅವರ ಬೆನ್ನಿಗೆ ಒಂದು ಸಂಸ್ಥೆಯಿತ್ತು. ಈ ಬಡಗರ ಬೆನ್ನಿಗೆ ದೇವರನ್ನೂ ಬೆರಳೆಣಿಕೆಯ ಜೊತೆಗಾರರನ್ನೂ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

1867ರಲ್ಲಿ ಕೋಟಗಿರಿಯಲ್ಲೂ ಮಿಶನ್ ಕೇಂದ್ರ ತೆರೆಯಿತು. ಲೂಕನ ಸುವಾರ್ತೆ ಕನ್ನಡ ಲಿಪಿಯಲ್ಲಿ ಬಡಗ ನುಡಿಯಲ್ಲೇ ಅಚ್ಚಾಯಿತು. 1914ರಲ್ಲಿ ಯುದ್ಧ ಆರಂಭವಾಗಿ ಬ್ರಿಟಿಷ್ ಸರ್ಕಾರವು ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದಲೇ ಕಳುಹಿಸಿದಾಗ, ಬಾಸೆಲ್ ಮಿಶನ್ನಿನ ಸಭೆಗಳಿಗೆ ಇದ್ದ ಆ ಸಂಸ್ಥೆಯ ಆಸರೆಯೂ ತಪ್ಪಿತು. ಆದರೂ ಸಭೆ ಚದುರಲಿಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಮೇಲೆ ನೀಲಗಿರಿಯ ಈ ಸಭೆಗಳು ಅದರ ಕೊಯಮತ್ತೂರು ಧರ್ಮಪ್ರಾಂತಕ್ಕೆ ಸೇರಿದವು.