ಚಿಮಣಿಯೊಳಗೆ ಇಳಿಯುವವರು ಯಾರು?

ಚಿಮಣಿ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಸೀಮೆಎಣ್ಣೆ ಬುಡ್ಡಿ. ಹಾಸನದ ಹಳ್ಳಿಯಿಂದ ಬಂದು, ಬಿ.ಕಾಂ ಮುಗಿಸಿ, ಬ್ಯಾಂಕು ಸೇರಿದ ನನಗೂ ಅಷ್ಟೇ ಗೊತ್ತಿತ್ತು. 1996ರಲ್ಲಿ ದಿಲ್ಲಿಗೆ ವರ್ಗವಾದ ಮೇಲೆ ಇನ್ನೊಂದು ಬಗೆಯ ಚಿಮಣಿ ನೋಡಿದೆ. ಗೋಡೆಯಲ್ಲಿ ಬೆಂಕಿಗೂಡು, ಅಲ್ಲಿಂದ ತಾರಸಿ ದಾಟಿ ಹೋಗುವ ಇಟ್ಟಿಗೆಯ ಹೊಗೆಕೊಳವೆ. ಇಷ್ಟು ಸೆಖೆಯ ಊರಿಗೆ ಇದೇಕಪ್ಪಾ ಅಂದುಕೊಂಡಿದ್ದೆ. ಮೊದಲ ಜನವರಿಯಲ್ಲೇ ಉತ್ತರ ಸಿಕ್ಕಿತು ಬಿಡಿ!

1911ರ ಡಿಸೆಂಬರ್ 12ರಂದು ದರ್ಬಾರಿನಲ್ಲಿ ಐದನೇ ಜಾರ್ಜ್ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತರುವುದಾಗಿ ಘೋಷಿಸಿದ. ಲ್ಯುಟೆನ್ಸ್, ಬೇಕರ್ ಸೇರಿ ಹೊಸದಿಲ್ಲಿ ಕಟ್ಟುವ ತನಕ ಸರ್ಕಾರಕ್ಕೆ ಸಿವಿಲ್ ಲೈನ್ಸ್ ಕಡೆಯೇ ಆಸರೆ. ಅಲ್ಲಿ 1912ರಲ್ಲಿ ಕಟ್ಟಿದ ಹಳೇ ಸೆಕ್ರೆಟೇರಿಯಟ್ಟೇ ಇವತ್ತಿನ ದಿಲ್ಲಿ ವಿಧಾನಸಭೆ. ಸಾಹೇಬರು ಎಲ್ಲಿ ಬಂಗಲೆ ಕಟ್ಟಿದರೋ ಅಲ್ಲಿಗೆ ತಮ್ಮ ಊರಿನ ಬೆಂಕಿಗೂಡನ್ನೂ ತಂದರು.

ಈ ಕೊಳವೆಗೆ ಒಳಗಡೆ ಒಂದು ಹೊದಿಕೆ ಇರುತ್ತದೆ. ಅದಕ್ಕೆ ಫ್ಲೂ ಲೈನರ್ ಅನ್ನುತ್ತಾರೆ. ಹಿಂದೆ ಇಂಗ್ಲೆಂಡಿನಲ್ಲಿ ಅದನ್ನು ಸುಣ್ಣದ ಗಾರೆಗೆ ಹಸುವಿನ ಸಗಣಿ ಕಲಸಿ ಮೆತ್ತುತ್ತಿದ್ದರಂತೆ. ಸಗಣಿ! ನಮ್ಮಜ್ಜಿ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಸುಟ್ಟ ಮಣ್ಣಿನ ಕೊಳವೆಗಳು ಬಂದವು. ಹೊಗೆಯ ಆಮ್ಲ ಮತ್ತು ಕಾವು ಇಟ್ಟಿಗೆಯ ಸಂದುಗಳನ್ನು ತಿನ್ನದಂತೆ, ಅನಿಲ ಕೋಣೆಗೆ ಸೋರದಂತೆ ಕಾಯುವುದು ಇದರ ಕೆಲಸ. ಇದು ಬಿರುಕು ಬಿಟ್ಟು ಉದುರಿ ದಾರಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕೋಣೆಗೇ ತಿರುಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿ ಅಂಗೀಠಿ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಅನ್ನುವ ಸುದ್ದಿ ದಿಲ್ಲಿಯ ಚಳಿಗಾಲಕ್ಕೆ ಹೊಸದಲ್ಲ.

1998ರಲ್ಲಿ ಬ್ಯಾಂಕಿನ ಅತಿಥಿಗೃಹವಾಗಿದ್ದ ಒಂದು ಹಳೇ ಬಂಗಲೆಯಲ್ಲಿ ಹೀಗೇ ಆಯಿತು. ಮಣ್ಣಿನ ಹೊದಿಕೆ ಒಡೆದು ಹೊಗೆ ಒಳಗೆ ಬರತೊಡಗಿತು. ರಿಪೇರಿ ಫೈಲು ನನ್ನ ಮೇಜಿಗೆ ಬಂತು. ಮೂರು ಕೊಟೇಶನ್ ತರಿಸಿ, ಕಡಿಮೆಯದಕ್ಕೆ ಶಿಫಾರಸು ಬರೆದೆ. ಯಾಕೆ ಅಷ್ಟು ಕಡಿಮೆ ಅಂತ ಕೇಳಲಿಲ್ಲ.

ಕೆಲಸದ ದಿನ ತಾರಸಿಗೆ ಹೋದಾಗ ಗೊತ್ತಾಯಿತು. ಒಬ್ಬ ಸಣಕಲು ಹುಡುಗನ ಸೊಂಟಕ್ಕೆ ಹಗ್ಗ, ಕೈಯಲ್ಲಿ ಉಳಿ, ಸುತ್ತಿಗೆ. ಅವನನ್ನು ಕೊಳವೆಯೊಳಗೆ ಇಳಿಸಿ ಒಡೆಸುವ ಏರ್ಪಾಡು! ನಾನು ಕೇಳುವ ಮೊದಲೇ ಗುತ್ತಿಗೆದಾರ, "ಹದಿನಾಲ್ಕು ತುಂಬಿದೆ ಸಾಬ್" ಅಂದ. 1986ರ ಬಾಲಕಾರ್ಮಿಕ ಕಾಯ್ದೆಯಲ್ಲಿ ಮಗು ಅಂದರೆ 14 ತುಂಬದವನು. ಲೆಕ್ಕ ಅವನಿಗೂ ಗೊತ್ತಿತ್ತು.

ಆ ದಿನ ನನಗೆ ಗೊತ್ತಿಲ್ಲದ ಒಂದು ಚರಿತ್ರೆಯನ್ನು ಆಮೇಲೆ ಓದಿಕೊಂಡೆ. ಇಂಗ್ಲೆಂಡಿನಲ್ಲಿ ಮಸಿ ತೆಗೆಯಲು ಪುಟ್ಟ ಹುಡುಗರನ್ನೇ ಚಿಮಣಿ ಹತ್ತಿಸುತ್ತಿದ್ದರು. ಅವರಿಗೆ ಮುಂದೆ ಬರುವ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದ. 1788ರ ಕಾಯ್ದೆ 8 ವರ್ಷದೊಳಗಿನವರು ಬೇಡ ಅಂದಿತು. 1803ರಲ್ಲಿ ಜಾರ್ಜ್ ಸ್ಮಾರ್ಟ್ ಒಂದಕ್ಕೊಂದು ಜೋಡಿಸುವ ಕೋಲುಗಳ ತುದಿಗೆ ಬ್ರಷ್ ಕಟ್ಟಿದ ಸಾಧನ ಮಾಡಿದ. 1828ರಲ್ಲಿ ಜೋಸೆಫ್ ಗ್ಲಾಸ್ ಅದನ್ನು ಇನ್ನೂ ಸುಧಾರಿಸಿದ. 1840ರ ಕಾಯ್ದೆ 21 ತುಂಬದವರು ಚಿಮಣಿ ಹತ್ತಬಾರದು ಅಂದಿತು. ಸಾಧನವೂ ಇತ್ತು, ಕಾಯ್ದೆಯೂ ಇತ್ತು. ಆದರೂ ಹುಡುಗರು ಹತ್ತುತ್ತಲೇ ಇದ್ದರು, ಯಾಕೆಂದರೆ ಹುಡುಗ ಅಗ್ಗ. 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಆಸ್ಪತ್ರೆಯೊಂದರ ಚಿಮಣಿಯಲ್ಲಿ ಸಿಕ್ಕಿಕೊಂಡು ಸತ್ತ. ಅದೇ ವರ್ಷ ಲೈಸೆನ್ಸು ಕಡ್ಡಾಯವಾಗಿ, ಪೊಲೀಸರ ಕೈಗೆ ಅಧಿಕಾರ ಬಂದ ಮೇಲೆಯೇ ಇದು ನಿಂತದ್ದು.

ಹಾಗಾದರೆ ಒಡೆದ ಹೊದಿಕೆ ತೆಗೆಯುವುದು ಹೇಗೆ? ವಿದೇಶಗಳಲ್ಲಿ ಈಗ ಉದ್ದದ ಸಲಾಕೆಯ ತುದಿಗೆ ಸರಪಳಿ ತುಂಡುಗಳನ್ನು ಕಟ್ಟಿ, ಮೇಲಿನಿಂದ ಇಳಿಸಿ, ಡ್ರಿಲ್ಲಿನಿಂದ ತಿರುಗಿಸುತ್ತಾರೆ. ಸರಪಳಿ ಬಡಿದು ಹಳೇ ಮಣ್ಣಿನ ಕೊಳವೆ ಚೂರಾಗಿ ಕೆಳಗೆ ಬೀಳುತ್ತದೆ. ಚೂರುಗಳನ್ನು ಬೆಂಕಿಗೂಡಿನಿಂದ ಬಾಚಿ ತೆಗೆದು, ಸ್ಟೇನ್‌ಲೆಸ್ ಸ್ಟೀಲಿನ ಹೊಸ ಕೊಳವೆ ಇಳಿಸುತ್ತಾರೆ. ಒಳಗೆ ಯಾರೂ ಇಳಿಯಬೇಕಿಲ್ಲ.

ನಮಗೆ ಆ ಸರಪಳಿ ಯಂತ್ರ ಎಲ್ಲಿಂದ ಬರಬೇಕು? ಹಗ್ಗ ಬಿಚ್ಚಿ ಅಂದೆ. ಕೊನೆಗೆ ವಯಸ್ಸಾದ ಒಬ್ಬ ಮೇಸ್ತ್ರಿ ದಾರಿ ತೋರಿಸಿದ. ಕೋಣೆಯ ಕಡೆಯಿಂದ ಗೋಡೆಯನ್ನು ಮೂರು ಕಡೆ ಕಿಂಡಿ ಕೊರೆದು, ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ಬಿಟ್ಟು ಒಡೆದು, ಕಿಂಡಿಗಳಿಂದ ಚೂರು ತೆಗೆದರು. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಖರ್ಚು ಯಾಕೆ ಹೆಚ್ಚಾಯಿತೆಂದು ಮೇಲಿನವರು ಕೇಳಿದಾಗ "ತಾಂತ್ರಿಕ ಕಾರಣ" ಅಂತ ಬರೆದೆ. ಹುಡುಗನ ವಿಷಯ ಬರೆಯುವ ಧೈರ್ಯ ಇರಲಿಲ್ಲ. ಮೊದಲ ಶಿಫಾರಸು ನನ್ನದೇ ಅಲ್ಲವೇ!

ಆ ಹುಡುಗನಿಗೆ ಖುಷಿಯಾಯಿತು ಅಂದುಕೊಂಡಿರಾ? ಇಲ್ಲ. ಅವತ್ತಿನ ಕೂಲಿ ಹೋಯಿತೆಂದು ನನ್ನನ್ನು ಕೆಕ್ಕರಿಸಿ ನೋಡಿ ಹೋದ. ಅವನ ಕೂಲಿಯಾದರೂ ಕೊಡಿಸಬಹುದಿತ್ತು. ಅದು ಹೊಳೆದದ್ದು ರಾತ್ರಿ, ಊಟಕ್ಕೆ ಕೂತಾಗ.

2016ರ ತಿದ್ದುಪಡಿಯಲ್ಲಿ 14ರಿಂದ 18ರವರೆಗಿನ ಮಕ್ಕಳನ್ನೂ ಅಪಾಯದ್ದೆಂದು ಪಟ್ಟಿ ಮಾಡಿದ ಕೆಲಸಗಳಿಂದ ದೂರ ಇಡಲಾಗಿದೆ. 2023ರ ಜನವರಿಯಿಂದ ಎನ್‌ಸಿಆರ್‌ನಲ್ಲಿ, ವಿದ್ಯುತ್ ಸ್ಥಾವರಗಳನ್ನು ಬಿಟ್ಟರೆ, ಕಲ್ಲಿದ್ದಲಿಗೂ ನಿಷೇಧ. ಹಳೇ ಚಿಮಣಿಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ. ಆದರೆ ಮ್ಯಾನ್‌ಹೋಲು, ಟ್ಯಾಂಕು, ಲಿಫ್ಟಿನ ಗುಂಡಿ ಇನ್ನೂ ಇವೆಯಲ್ಲ. ನಿಮ್ಮ ಸೊಸೈಟಿಯಲ್ಲಿ ಕಡಿಮೆ ಕೊಟೇಶನ್‌ಗೆ ಸಹಿ ಹಾಕುವಾಗ ಒಂದು ಮಾತು ಕೇಳಿ: ಒಳಗೆ ಇಳಿಯುವವರು ಯಾರು?