ಜೀವನಿರ್ಮಾಣದ ವಿಜ್ಞಾನ ಮತ್ತು ಸಂಯಮ

ಹೊಸ ಶಕ್ತಿಯೊಂದು ಕೈಗೆ ಬಂದಾಗ ಅದನ್ನು ಬಳಸುವ ಮೊದಲೇ ನಿಂತು ಯೋಚಿಸಿದ ನಿದರ್ಶನಗಳು ಇತಿಹಾಸದಲ್ಲಿ ವಿರಳ. ಜೀವವಿಜ್ಞಾನದ ಚರಿತ್ರೆಯಲ್ಲಿ ಅಂತಹ ಒಂದು ನಿದರ್ಶನವಿದೆ.

1972ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ಬರ್ಗ್ ಮತ್ತು ಅವರ ಸಂಗಡಿಗರು ಎರಡು ಬೇರೆ ಬೇರೆ ವೈರಸ್‌ಗಳ ಡಿಎನ್‌ಎಯನ್ನು ಬೆಸೆದರು. ಅವುಗಳಲ್ಲೊಂದು ಪ್ರಾಣಿಗಳಲ್ಲಿ ಗೆಡ್ಡೆಗಳನ್ನು ಉಂಟುಮಾಡಬಲ್ಲ ವೈರಸ್. ಮನುಷ್ಯನ ಕರುಳಿನಲ್ಲಿ ವಾಸಿಸುವ ಜಾತಿಯ ಬ್ಯಾಕ್ಟೀರಿಯಾದೊಳಗೆ ಇದನ್ನು ಸೇರಿಸಬೇಕೆಂಬ ಯೋಜನೆಯೂ ಇತ್ತು. ಅದು ಪ್ರಯೋಗಶಾಲೆಯಿಂದ ಹೊರಬಿದ್ದರೆ ಗತಿಯೇನೆಂದು ಸಹವಿಜ್ಞಾನಿಗಳು ಕೇಳಿದರು. ಬರ್ಗ್ ಆ ಯೋಜನೆಯನ್ನು ಕೈಬಿಟ್ಟರು. 1974ರಲ್ಲಿ ಅವರೂ ಇತರರೂ ಬಹಿರಂಗ ಪತ್ರ ಬರೆದು, ಇಂತಹ ಕೆಲವು ಪ್ರಯೋಗಗಳನ್ನು ಸ್ವಯಂಪ್ರೇರಣೆಯಿಂದ ನಿಲ್ಲಿಸುವಂತೆ ವಿಜ್ಞಾನಿಗಳನ್ನು ಕೋರಿದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸುಮಾರು 140 ಮಂದಿ ಸಭೆ ಸೇರಿ, ಅಪಾಯದ ಪ್ರಮಾಣಕ್ಕೆ ತಕ್ಕಷ್ಟು ರಕ್ಷಣೆಯಿರಬೇಕೆಂದು ನಿರ್ಣಯಿಸಿದರು.

ಈ ಸಂಯಮದಿಂದ ವಿಜ್ಞಾನವು ಸೊರಗಲಿಲ್ಲ. ಅಲ್ಲಿಯವರೆಗೆ ವಧೆಯಾದ ದನ, ಹಂದಿಗಳ ಗ್ರಂಥಿಯಿಂದ ಇನ್ಸುಲಿನ್ ತೆಗೆಯಲಾಗುತ್ತಿತ್ತು. 1982ರಲ್ಲಿ ಬ್ಯಾಕ್ಟೀರಿಯಾದ ಮೂಲಕ ತಯಾರಾದ ಮಾನವ ಇನ್ಸುಲಿನ್ ಔಷಧವಾಗಿ ಮನ್ನಣೆ ಪಡೆಯಿತು.

ಬೆಸೆಯುವ ವಿದ್ಯೆ ಕ್ರಮೇಣ ಕಟ್ಟುವ ವಿದ್ಯೆಯಾಯಿತು. 2010ರಲ್ಲಿ ಕ್ರೇಗ್ ವೆಂಟರ್ ಅವರ ಸಂಸ್ಥೆಯು ಹತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳ ಜೀನೋಮನ್ನು ರಾಸಾಯನಿಕವಾಗಿ ರಚಿಸಿ, ಬೇರೊಂದು ಬ್ಯಾಕ್ಟೀರಿಯಾದ ಕೋಶದಲ್ಲಿ ನೆಲೆಗೊಳಿಸಿತು. 2016ರಲ್ಲಿ ಕೇವಲ 473 ಜೀನ್‌ಗಳಿಂದ ಬದುಕಬಲ್ಲ ಕೋಶವನ್ನು ಸಿದ್ಧಪಡಿಸಿತು.

ಇಂದಿನ ಪ್ರಶ್ನೆ ಇನ್ನೂ ಗಹನವಾದುದು. ನಿಸರ್ಗದ ಜೀವಿಗಳ ಪ್ರೋಟೀನುಗಳು ಎಡಗೈ ಬಗೆಯ ಅಮೈನೋ ಆಮ್ಲಗಳಿಂದ ಆಗಿವೆ. ಇವೆಲ್ಲವೂ ಕನ್ನಡಿಯ ಬಿಂಬದಂತೆ ತಿರುವುಮುರುವಾದ ಬ್ಯಾಕ್ಟೀರಿಯಾವನ್ನು ಮುಂದೆ ಕಟ್ಟಬಹುದು. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯು ಶತ್ರುವನ್ನು ಗುರುತಿಸುವುದು ಅಣುಗಳ ಆಕಾರದಿಂದ. ಆಕಾರವೇ ತಿರುಗಿದರೆ ಗುರುತು ತಪ್ಪಬಹುದು. ಮನುಷ್ಯರಿಗೆ ಮಾತ್ರವಲ್ಲ, ಪ್ರಾಣಿಗಳಿಗೂ ಸಸ್ಯಗಳಿಗೂ ಈ ಅಪಾಯವುಂಟು. 2024ರ ಡಿಸೆಂಬರ್‌ನಲ್ಲಿ 38 ವಿಜ್ಞಾನಿಗಳು ಇಂತಹ ಜೀವಿಯನ್ನು ನಿರ್ಮಿಸಬಾರದೆಂದು ಎಚ್ಚರಿಸಿದರು. ಅವರಲ್ಲಿ ಕೆಲವರು ಹಿಂದೆ ಇದೇ ಗುರಿಯತ್ತ ದುಡಿದವರು. ಔಷಧಕ್ಕೆ ಉಪಯುಕ್ತವಾದ ಬಿಡಿ ಬಿಂಬಾಣುಗಳ ಸಂಶೋಧನೆಗೆ ಅವರ ವಿರೋಧವಿಲ್ಲ. ತಾನೇ ವೃದ್ಧಿಹೊಂದುವ ಜೀವಿಯ ವಿಷಯದಲ್ಲಿ ಮಾತ್ರ ತಡೆ.

ಅಸಿಲೊಮಾರ್‌ನಲ್ಲಿ ಒಂದು ಕೊರತೆಯೂ ಇತ್ತು. ಅಲ್ಲಿ ನಿರ್ಣಯಿಸಿದವರು ಬಹುಪಾಲು ವಿಜ್ಞಾನಿಗಳೇ. ಜೈವಿಕ ಅಸ್ತ್ರಗಳ ಮತ್ತು ನೀತಿಯ ಪ್ರಶ್ನೆಗಳು ಬದಿಗುಳಿದವು. ಅಪಾಯಕ್ಕೆ ಗುರಿಯಾಗುವವರು ಎಲ್ಲರೂ ಆಗಿರುವಾಗ ವಿಚಾರವೂ ಎಲ್ಲರದಾಗಬೇಕಲ್ಲವೆ? ಮಾತನಾಡಲಾರದ ಜೀವಿಗಳ ಪರವಾಗಿಯೂ ಆ ಸಭೆಯಲ್ಲಿ ಒಂದು ದನಿಯಿರಬೇಕು. ಮಾಡಬಲ್ಲೆವೆಂಬುದು ಸಾಮರ್ಥ್ಯ, ಮಾಡದೆ ಉಳಿಯಬಲ್ಲೆವೆಂಬುದು ಅದಕ್ಕಿಂತ ದೊಡ್ಡ ಸಾಮರ್ಥ್ಯ.